ಬಾಟಲಿಯ ಮೇಲಿನ ಇಬ್ಬರು ಹುಡುಗಿಯರು

ಆ ಪ್ರವಾಸಕ್ಕೆ ಇತ್ಸುಯೊ ತಾನಾಗಿ ಹೆಸರು ಕೊಟ್ಟವಳಲ್ಲ. ಕವಾಗುಚಿಯ ಅವಳ ವಠಾರದ ಹಿರಿಯರ ಸಂಘದವರು ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಎಲ್ಲಿಗಾದರೂ ಹೋಗಿ ಸಂಜೆಯೊಳಗೆ ವಾಪಸು ಬರುವುದು ವಾಡಿಕೆ. ಆ ಶರತ್ಕಾಲಕ್ಕೆ ಸುಗೆತ್ಸು ಎಂಬ ಊರಿಗೆ ಎಂದು ಗೊತ್ತಾದ ದಿನವೇ ಪಕ್ಕದ ಮನೆಯ ನೋಬು ಇಬ್ಬರ ಹೆಸರನ್ನೂ ಬರೆಸಿ ಬಂದಳು.

"ಹಳೇ ಊರಂತೆ, ಹೊಳೆಯಂತೆ, ದೋಣಿಯಂತೆ. ಹಳೇದನ್ನೆಲ್ಲ ತುಂಬ ಜೋಪಾನವಾಗಿ ಇಟ್ಕೊಂಡಿದಾರಂತೆ. ನಮ್ಮನ್ನೂ ಇಟ್ಕೋತಾರೇನೋ ಕೇಳೋಣ ಬಾರೆ" ಎಂದಳು ನೋಬು.

"ನಂಗೆ ಆ ಊರು ಗೊತ್ತು."

"ಗೊತ್ತಿದ್ರೆ ಇನ್ನೂ ಒಳ್ಳೇದಾಯ್ತು. ಕಕ್ಕಸು ಎಲ್ಲಿದೆ ಅಂತ ನೀನೇ ಹೇಳ್ತೀಯ."

ಇತ್ಸುಯೊಗೆ ಎಪ್ಪತ್ತೇಳು. ಗಂಡ ಎರಕದ ಕಾರ್ಖಾನೆಯಲ್ಲಿ ಅಚ್ಚು ಮಾಡುತ್ತಿದ್ದವನು, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಮೂವತ್ತೊಂದು ವರ್ಷ ಅನ್ನ ಬೇಯಿಸಿದ್ದಳು. ಅದಕ್ಕೂ ಮುಂಚೆ ಎಲ್ಲಿದ್ದೆ ಎಂದು ಯಾರಾದರೂ ಕೇಳಿದರೆ "ಸೋಯಾ ಸಾಸ್ ಮಾಡೋ ಮನೇಲಿ" ಎಂದಷ್ಟೇ ಹೇಳಿ ಸೌಟು ಆಡಿಸುತ್ತಿದ್ದಳು. ಗಂಡನಿಗೂ ಅಷ್ಟೇ ಗೊತ್ತಿದ್ದದ್ದು. ಅರವತ್ತು ವರ್ಷವಾಯಿತಲ್ಲ, ಇನ್ನೇನು ಉಳಿದಿರುತ್ತದೆ ಎಂದುಕೊಂಡು ಬಸ್ಸು ಹತ್ತಿದಳು.

ಉಳಿದಿತ್ತು. ಎಲ್ಲವೂ ಉಳಿದಿತ್ತು. ಹೊಳೆಯ ಎರಡೂ ದಂಡೆಯ ಮೇಲೆ ಕಪ್ಪು ಹಂಚಿನ ಉಗ್ರಾಣಗಳು ಹಾಗೇ ನಿಂತಿದ್ದವು. ನೀರಿಗೆ ಇಳಿಯುವ ಕಲ್ಲು ಮೆಟ್ಟಿಲುಗಳೂ ಹಾಗೇ ಇದ್ದವು, ಪಾಚಿ ಮಾತ್ರ ಇರಲಿಲ್ಲ, ಯಾರೋ ಉಜ್ಜಿ ತೊಳೆದಿದ್ದರು. ದೋಣಿಯಲ್ಲಿ ಕೂತ ಸಂಘದ ಹೆಂಗಸರು ಆ ಮೆಟ್ಟಿಲುಗಳ ಫೋಟೋ ತೆಗೆದರು. ಎಷ್ಟು ಮುದ್ದಾಗಿದೆ ಎಂದು ಒಬ್ಬಳು ಹೇಳಿದಳು. ಇತ್ಸುಯೊ ತನ್ನ ಎರಡೂ ಕೈಗಳನ್ನು ಕೋಟಿನ ಜೇಬಿನೊಳಗೆ ತುರುಕಿಕೊಂಡು ಕೂತಳು. ಬಿಸಿಲಿತ್ತು, ಚಳಿ ಏನೂ ಇರಲಿಲ್ಲ.

ಊಟವಾದ ಮೇಲೆ ಸಂಘದ ಮುಖಂಡ ನುಮಾಜಿರಿ ಪುಟ್ಟ ಬಾವುಟ ಹಿಡಿದು ಎಲ್ಲರನ್ನೂ ಇವಾಮಾಸು ಮನೆಗೆ ನಡೆಸಿಕೊಂಡು ಹೋದ. ಅದು ಸೋಯಾ ಸಾಸ್ ತಯಾರಿಸುವ ಎಂಟು ತಲೆಮಾರಿನ ಮನೆ. ಅರ್ಧ ಅಂಗಡಿಯಾಗಿತ್ತು, ಅರ್ಧ ವಸ್ತು ಪ್ರದರ್ಶನವಾಗಿತ್ತು. ನೀಲಿ ಬಟ್ಟೆಯ ಏಪ್ರನ್ ತೊಟ್ಟ ಹುಡುಗಿಯೊಬ್ಬಳು ಬಾಯಿಪಾಠ ಒಪ್ಪಿಸಿದಂತೆ ಹೇಳುತ್ತಿದ್ದಳು: "ಸುತ್ತಮುತ್ತಲ ಹಳ್ಳಿಗಳಿಂದ ಕೆಲಸಕ್ಕೆ ಬರ್ತಿದ್ದ ಹೆಣ್ಣುಮಕ್ಕಳನ್ನ ಈ ಮನೆಯವರು ಸ್ವಂತ ಮಕ್ಕಳ ಹಾಗೆ ನೋಡ್ಕೋತಿದ್ರು."

ಇತ್ಸುಯೊ ನೋಬುವಿನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಇವರ ಸ್ವಂತ ಮಕ್ಕಳನ್ನ ನೋಡಿದೀನಿ ನಾನು. ಅವರು ರೇಷ್ಮೆ ಹಾಸಿಗೇಲಿ ಮಲಗ್ತಿದ್ರು. ನಾವು ಹುಳಿ ಹಿಡಿಸೋ ಪೀಪಾಯಿ ಮೇಲಿನ ಅಟ್ಟದಲ್ಲಿ ಮಲಗ್ತಿದ್ವಿ" ಎಂದಳು.

ಹುಡುಗಿಗೆ ಮುಂದಿನ ವಾಕ್ಯ ಮರೆತುಹೋಯಿತು. ನೋಬು ಬಾಯಿ ತೆರೆದು ನೋಡಿದಳು. "ನೀನು ಇಲ್ಲಿ ಇದ್ಯೇನೆ? ಈ ಮನೇಲೇ?"

ಇತ್ಸುಯೊ ಆಗಲೇ ಮುಂದೆ ನಡೆದಿದ್ದಳು. ಗುಂಪು ಅಂಗಡಿಯೊಳಗೆ ನುಗ್ಗಿತು. ನೋಬು ಅಲ್ಲಿದ್ದ ಸಾಲಿನಿಂದ ಒಂದು ಬಾಟಲಿ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಲೇ, ಈ ಬಲಗಡೆಯವಳು ನಿನ್ನ ಹಾಗೇ ಇದಾಳಲ್ಲೆ. ಇದೇ ಹಣೆ, ಇದೇ ಸಿಡುಕು ಹುಬ್ಬು."

ಬಾಟಲಿಗೆ ಅಂಟಿಸಿದ ಕಾಗದದ ಮೇಲೆ ಕಪ್ಪು ಬಿಳುಪಿನ ಫೋಟೋ ಇತ್ತು. ತಲೆಗೆ ಬಟ್ಟೆ ಕಟ್ಟಿದ ಇಬ್ಬರು ಹುಡುಗಿಯರು ಮೊಣಕಾಲುದ್ದ ನೀರಿನಲ್ಲಿ ನಿಂತು ಚೀಲ ತೊಳೆಯುತ್ತಿದ್ದಾರೆ. ಎಡಗಡೆಯವಳು ಹಲ್ಲು ಬಿಟ್ಟು ನಗುತ್ತಿದ್ದಾಳೆ. ಕೆಳಗೆ ದುಂಡನೆಯ ಅಕ್ಷರದಲ್ಲಿ 'ಹೊಳೆನಗು' ಎಂದು ಬರೆದಿತ್ತು. ಇತ್ಸುಯೊ ತಲೆಯೆತ್ತಿದಳು. ಅದೇ ಫೋಟೋ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿತ್ತು. ಬೀಸಣಿಗೆಯ ಮೇಲಿತ್ತು. ಕೈವಸ್ತ್ರದ ಮೇಲಿತ್ತು. ಬಿಸ್ಕತ್ತಿನ ಡಬ್ಬಿಯ ಮೇಲೂ ಇತ್ತು.

ಎಡಗಡೆಯವಳ ಹೆಸರು ಫುಸಾ.

ಇತ್ಸುಯೊ ಹದಿನೈದು ತುಂಬಿದ ವಸಂತದಲ್ಲಿ ಶಾಲೆ ಮುಗಿಸಿ ಈ ಮನೆಗೆ ಬಂದಳು. ಅದೇ ವಾರ ಹಗಿಶಿಮಾ ಹಳ್ಳಿಯಿಂದ ಫುಸಾ ಬಂದಳು. ಉಪ್ಪು ಬೆರೆಸಿ ಹುಳಿ ಬರಿಸಿದ ಸೋಯಾ ಕಾಳಿನ ಹಿಟ್ಟನ್ನು ಚೀಲಕ್ಕೆ ತುಂಬಿ ಹಿಂಡಿ ರಸ ತೆಗೆಯುತ್ತಾರೆ. ಖಾಲಿ ಚೀಲಗಳನ್ನು ಹೊಳೆಯಲ್ಲಿ ತೊಳೆಯುವುದು ಈ ಇಬ್ಬರ ಕೆಲಸ. ದಿನಕ್ಕೆ ಇನ್ನೂರು ಚೀಲ. ಬೇಸಿಗೆಯಲ್ಲಿ ಅದೊಂದು ಆಟದಂತೆಯೇ ಇತ್ತು. ಚಳಿಗಾಲದಲ್ಲಿ ಮೆಟ್ಟಿಲಿನ ಅಂಚಿಗೆ ಮಂಜುಗಡ್ಡೆ ಕಟ್ಟುತ್ತಿತ್ತು, ಅದನ್ನು ಕೋಲಿನಿಂದ ಒಡೆದು ನೀರಿಗಿಳಿಯಬೇಕಿತ್ತು. ಚೀಲದ ಉಪ್ಪು ಬೆರಳಿನ ಬಿರುಕಿಗೆ ಇಳಿದರೆ ಕಣ್ಣು ಕತ್ತಲೆ ಬರುತ್ತಿತ್ತು.

ಶೋವಾ ಚಕ್ರವರ್ತಿಯ ಮೂವತ್ತೆರಡನೇ ವರ್ಷದ, ಅಂದರೆ 1957ರ, ಫೆಬ್ರವರಿಯಲ್ಲಿ ಪಟ್ಟಣದ ಕಡೆಯಿಂದ ಕ್ಯಾಮೆರಾ ಹಿಡಿದ ಒಬ್ಬ ದೊಡ್ಡ ಮನುಷ್ಯ ಬಂದ. ಮನೆಯ ಯಜಮಾನಿತಿ ಹುಡುಗಿಯರಿಗೆ ಒಗೆದ ತಲೆಬಟ್ಟೆ ಕಟ್ಟಿಸಿ ಹೊಳೆಗೆ ಇಳಿಸಿದಳು. ಫುಸಾಗೆ ಆಗಲೇ ಮೂರು ದಿನದಿಂದ ಜ್ವರ. ಆತ ನಗಿ ಎಂದ. ಇಬ್ಬರಿಗೂ ನಗು ಬರಲಿಲ್ಲ. ಬೆಳಕು ಸರಿಯಿಲ್ಲ ಎಂದ, ಮೋಡ ಸರಿಯಲಿ ಎಂದ, ಮೇಲೆ ಹತ್ತಿ ಇನ್ನೊಂದು ಸಲ ಇಳಿಯಿರಿ ಎಂದ. ಮೂರನೇ ಸಲ ಇಳಿದಾಗ ಫುಸಾಳ ದವಡೆ ತಾನಾಗಿಯೇ ಅದುರತೊಡಗಿತು. ತುಟಿ ಹಿಂದಕ್ಕೆ ಸರಿದು ಹಲ್ಲು ಕಟಕಟ ಎನ್ನುತ್ತಿದ್ದವು. "ಹಾಂ, ಹಾಗೇ ಇರು, ತುಂಬ ಚೆನ್ನಾಗಿದೆ" ಎಂದು ಆತ ಗುಂಡಿ ಒತ್ತಿದ.

ಮರುದಿನ ಫುಸಾಳನ್ನು ಖಾಲಿ ಪೀಪಾಯಿ ಸಾಗಿಸುವ ಗಾಡಿಯಲ್ಲಿ ಮಲಗಿಸಿ ಊರಿಗೆ ಕಳಿಸಿದರು. ಅಲ್ಲಿಂದ ಹನ್ನೊಂದನೇ ದಿನ ಗಾಡಿಯವನು ಅವಳು ತೀರಿಕೊಂಡ ಸುದ್ದಿ ತಂದ. ಯಜಮಾನಿತಿ ಆಗ ಹೇಳಿದ ಮಾತು ಇತ್ಸುಯೊಗೆ ಅಕ್ಷರ ಬಿಡದೆ ನೆನಪಿತ್ತು. "ಹುಟ್ಟಾ ಸೋಮಾರಿ ಅವಳು, ಮೈಗೆ ಕಸುವಿರಲಿಲ್ಲ. ಇತ್ಸುಯೊ, ನಾಳೆಯಿಂದ ಅವಳ ಪಾಲಿನ ಚೀಲಾನೂ ನೀನೇ ತೊಳಿ."

ಇತ್ಸುಯೊ ಬಾಗಿ ನಮಸ್ಕರಿಸಿ "ಆಗಲಿ" ಎಂದಿದ್ದಳು. ಆಮೇಲೆ ಎರಡು ವರ್ಷ ತೊಳೆದಳು. ಅರವತ್ತು ವರ್ಷ ಅವಳನ್ನು ಕಾಡಿದ್ದು ಯಜಮಾನಿತಿಯ ಮಾತಿಗಿಂತ ಹೆಚ್ಚಾಗಿ ಈ 'ಆಗಲಿ'.

ಈಗ ಅಂಗಡಿಯಲ್ಲಿ ಅವಳು ನೋಬುವಿನ ಕೈಯಿಂದ ಬಾಟಲಿ ತೆಗೆದುಕೊಂಡು ಹಲಗೆಯ ಮೇಲೆ ಇಟ್ಟಳು. ಸದ್ದು ಜೋರಾಗಿಯೇ ಆಯಿತು.

"ಬಲಗಡೆಯವಳು ನಾನು" ಎಂದಳು.

ನೀಲಿ ಏಪ್ರನ್ನಿನ ಹುಡುಗಿಯ ಮುಖ ಅರಳಿತು. "ನಿಜವಾಗ್ಲೂನಾ ಅಜ್ಜಿ? ಅಯ್ಯೋ, ಎಷ್ಟು ಖುಷಿ ವಿಷಯ. ಸ್ವಲ್ಪ ಈ ಬಾಟ್ಲಿ ಹಿಡ್ಕೊಂಡು ನಿಂತ್ಕೋತೀರಾ, ಒಂದು ಫೋಟೋ. ಹಾಂ, ಒಂಚೂರು ನಗಿ."

"ನಗಲ್ಲ."

"ಒಂದೇ ಒಂದು ಸಲ, ಅಜ್ಜಿ."

"ಅವತ್ತೂ ಹಿಂಗೇ ಅಂದ್ರು. ಎಡಗಡೆಯವಳು ನಗ್ತಿಲ್ಲ ಮಗಳೇ. ಚಳಿಗೆ ಹಲ್ಲು ಕಡೀತಿದಾಳೆ. ಈ ಫೋಟೋ ತೆಗೆದು ಹನ್ನೆರಡು ದಿನಕ್ಕೆ ಸತ್ತಳು. ನೀವು ಅದನ್ನ ಬಿಸ್ಕತ್ತಿನ ಡಬ್ಬಿಗೆ ಅಂಟಿಸಿದೀರ. ನಿಮ್ಮ ಯಜಮಾನರನ್ನ ಕರಿ."

ಸಂಘದವರು ಕೈಯಲ್ಲಿದ್ದ ಬಾಟಲಿಗಳನ್ನು ಒಬ್ಬೊಬ್ಬರಾಗಿ ಕೆಳಗಿಟ್ಟರು. ನುಮಾಜಿರಿ ಬಾವುಟ ಮಡಚಿಕೊಂಡು ಹತ್ತಿರ ಬಂದ. "ಇತ್ಸುಯೊ ಅವರೇ, ನಾಲ್ಕಕ್ಕೆ ಬಸ್ಸು ಹೊರಡ್ಬೇಕು. ಇದನ್ನೆಲ್ಲ ಆಮೇಲೆ ಕಾಗದ ಬರೆದು ತಿಳಿಸಬಹುದಲ್ಲ?"

"ಬಸ್ಸು ಹೋಗ್ಲಿ ಬಿಡಿ ನುಮಾಜಿರಿ. ನಾನು ಅರವತ್ತು ವರ್ಷ ತಡ ಮಾಡಿದೀನಿ, ನೀವು ಒಂದು ಗಂಟೆ ತಡ ಮಾಡೋಕಾಗಲ್ವಾ?"

ನೋಬು ಅಲ್ಲಿದ್ದ ಮುಕ್ಕಾಲಿ ಎಳೆದು ಕೂತಳು. "ನಾನಂತೂ ಇವಳನ್ನ ಬಿಟ್ಟು ಬರಲ್ಲಪ್ಪ. ನೀವು ಬಸ್ಸಲ್ಲಿ ಹಾಡು ಹೇಳ್ಕೊಂಡು ಹೋಗಿ."

ಒಳಗಿನಿಂದ ಶುಸಾಕು ಬಂದ. ನಲವತ್ತು ದಾಟಿದವನು, ಆ ಯಜಮಾನಿತಿಯ ಮೊಮ್ಮಗ, ಈಗಿನ ಒಡೆಯ. ವಿಷಯ ಕೇಳಿ ಸೊಂಟ ಮುರಿಯುವಷ್ಟು ಬಾಗಿದ. ಇತ್ಸುಯೊಗೆ ಚಹಾ ತರಿಸಿದ. ಅವಳು ಮುಟ್ಟಲಿಲ್ಲ.

"ನನಗೆ ಈ ವಿಷಯ ಗೊತ್ತಿರಲಿಲ್ಲ ಅಮ್ಮ. ಫೋಟೋ ಅಟ್ಟದಲ್ಲಿ ಸಿಕ್ತು. ಎಲ್ಲರೂ ತುಂಬ ಮೆಚ್ಚಿಕೊಂಡ್ರು" ಎಂದ.

"ಗೊತ್ತಿರಲಿಲ್ಲ ಅಂದ್ರೆ ಕೇಳಬೇಕಿತ್ತು. ಇವರು ಯಾರು ಅಂತ ಒಬ್ಬರನ್ನಾದ್ರೂ ಕೇಳಿದ್ರಾ?"

ಅವನು ಚಹಾದ ಲೋಟವನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದ.

"ನಿಮ್ಮ ತಾತ ಮುತ್ತಾತಂದಿರ ಪಟ ಏಳಿದಾವೆ ಆ ಗೋಡೆ ಮೇಲೆ, ಹೆಸರು, ಹುಟ್ಟಿದ್ದು, ಸತ್ತಿದ್ದು ಎಲ್ಲಾ ಬರ್ದಿದೀರ. ಸಾರಾಯಿ ಕುಡ್ದು ಸತ್ತವನಿಗೂ ಹೆಸರಿದೆ. ಇವಳಿಗೆ ಯಾಕಿಲ್ಲ?"

ಬೆಲೆಯ ಚೀಟಿ ಬರೆಯಲು ಹಲಗೆಯ ಮೇಲೆ ಒಂದು ದಪ್ಪ ಲೇಖನಿ ಬಿದ್ದಿತ್ತು. ಇತ್ಸುಯೊ ಅದನ್ನು ಎತ್ತಿಕೊಂಡು ಗೋಡೆಯ ದೊಡ್ಡ ಫೋಟೋದ ಹತ್ತಿರ ಹೋದಳು. ಕೆಳಗಿನ ಬಿಳಿ ಪಟ್ಟಿಯ ಮೇಲೆ 'ನಗುನಗುತ್ತಾ ದುಡಿದ ದಿನಗಳು' ಎಂದಿತ್ತು. ಅದರ ಮೇಲೆ ಅಡ್ಡ ಗೀರು ಎಳೆದಳು. ಪಕ್ಕದಲ್ಲಿ 'ಫುಸಾ, ಹದಿನಾರು ವರ್ಷ' ಎಂದು ಬರೆದಳು. ಅಕ್ಷರ ಸೊಟ್ಟಗಾದವು. ಅಷ್ಟರಲ್ಲಿ ಶುಸಾಕು ಮೆಲ್ಲಗೆ ಅವಳ ಕೈಯಿಂದ ಲೇಖನಿ ತೆಗೆದುಕೊಂಡ.

"ನೀವು ಬರೀಬೇಡಿ ಅಮ್ಮ. ನಾವೇ ಸರಿಯಾಗಿ ಮಾಡ್ತೀವಿ. ಮಾತು ಕೊಡ್ತೀನಿ" ಎಂದ. ಧ್ವನಿ ಮೃದುವಾಗಿತ್ತು. ಕಣ್ಣು ನೆಲ ನೋಡುತ್ತಿದ್ದವು.

ಇತ್ಸುಯೊ ಲೇಖನಿ ಬಿಟ್ಟುಕೊಟ್ಟಳು. ಐದು ನಿಮಿಷ ತಡವಾಗಿ ಬಸ್ಸು ಹೊರಟಿತು. ದಾರಿಯುದ್ದಕ್ಕೂ ಯಾರೂ ಹಾಡಲಿಲ್ಲ. ಕವಾಗುಚಿ ಹತ್ತಿರ ಬಂದಾಗ ಅವಳು ನೋಬುವಿಗೆ ಹೇಳಿದಳು: "ನಾನು ಯಾಕೆ ಕೊಟ್ಟೆ ಆ ಲೇಖನೀನ? ಸತ್ತ ದಿನ ಬರೀದೇ ಯಾಕೆ ಕೊಟ್ಟೆ?"

"ಅವನು ಚೆನ್ನಾಗಿ ಮಾತಾಡಿದ ಕಣೆ."

"ಚೆನ್ನಾಗಿ ಮಾತಾಡೋರ ಮುಂದೆ ನನ್ನ ಕೈ ತಾನಾಗೇ ಬಿಡತ್ತೆ. ಹಾಳಾದ ಕೈ."

ಒಂದು ತಿಂಗಳ ಮೇಲೆ ಇವಾಮಾಸು ಮನೆಯಿಂದ ದೊಡ್ಡ ಪೊಟ್ಟಣ ಬಂತು. ಒಳಗೆ ಆರು ಬಾಟಲಿ ಸೋಯಾ ಸಾಸ್, ಒಂದು ಕಾಗದ. ಮನಸ್ಸಿಗೆ ನೋವಾಗಿದ್ದಕ್ಕೆ ಕ್ಷಮೆ ಕೇಳುತ್ತೇವೆ, ತಮ್ಮ ಭಾವನೆಗಳನ್ನು ಗೌರವಿಸಿ ಆ ಫೋಟೋವನ್ನು ಎಲ್ಲ ಕಡೆಯಿಂದಲೂ ತೆಗೆದಿದ್ದೇವೆ ಎಂದು ಶುಸಾಕು ಬರೆದಿದ್ದ. ಬಾಟಲಿಯ ಮೇಲೆ ಈಗ ಒಂದು ಬೆಕ್ಕಿನ ಚಿತ್ರವಿತ್ತು. ಬೆಕ್ಕು ನಗುತ್ತಿತ್ತು. ಹೆಸರು ಮಾತ್ರ ಅದೇ, 'ಹೊಳೆನಗು'.

ಇತ್ಸುಯೊ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಫೋನು ಎತ್ತಿದಳು.

"ತೆಗೀರಿ ಅಂತ ಯಾರು ಹೇಳಿದ್ರು ನಿಮಗೆ?"

"ಅಮ್ಮ, ನಿಮಗೆ ನೋವಾಗಬಾರದು ಅಂತ..."

"ನನಗೆ ನೋವಾಗ್ಲಿ. ಅದು ನನ್ನ ಪಾಡು. ನಾನು ಹೆಸರು ಬರೀರಿ ಅಂದೆ. ನೀವು ಮುಖಾನೇ ಅಳಿಸಿ ಬೆಕ್ಕು ಕೂರಿಸಿದ್ರಿ. ನಿಮ್ಮಜ್ಜಿ ಗಾಡಿಗೆ ಹಾಕಿ ಕಳಿಸಿದ್ಲು, ನೀವು ಅಟ್ಟಕ್ಕೆ ಹಾಕಿದ್ರಿ. ಆ ಹಳೇ ಫೋಟೋ ನನಗೆ ಕಳಿಸಿ. ಕಳಿಸದಿದ್ರೆ ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಲ್ಲಿ ಕೂರ್ತೀನಿ. ಬಂದೋರಿಗೆಲ್ಲ ಹೇಳ್ತೀನಿ. ನನಗೆ ಬೇರೆ ಕೆಲಸ ಇಲ್ಲ."

ಮೂರನೇ ದಿನ ಫೋಟೋ ಅಂಚೆಯಲ್ಲಿ ಬಂತು. ಅಂಗೈಗಿಂತ ಸ್ವಲ್ಪ ದೊಡ್ಡದು, ಅಂಚು ಹಳದಿಯಾಗಿತ್ತು. ಅವಳು ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಒಂದು ವಾರ ಅದರ ಜೊತೆ ಊಟ ಮಾಡಿದಳು. ಇದನ್ನು ನಾನು ಇಟ್ಟುಕೊಂಡು ಏನು ಮಾಡಲಿ, ನಾನು ಸತ್ತರೆ ಮಗಳು ಹಳೆ ಪೇಪರಿನ ಜೊತೆ ಹಾಕುತ್ತಾಳೆ ಎಂದು ಎಂಟನೇ ದಿನ ಹೊಳೆಯಿತು. ಕೋಟು ತೊಟ್ಟು ರೈಲು ಹತ್ತಿದಳು.

ಹಗಿಶಿಮಾದಲ್ಲಿ ಅವಳು ಮೊದಲು ಹೋಗಿದ್ದು ಬೌದ್ಧ ಗುಡಿಗೆ. ಶೋವಾ ಮೂವತ್ತೆರಡರಲ್ಲಿ ಸತ್ತ ಫುಸಾ ಎಂಬ ಹುಡುಗಿಯ ಕಡೆಯವರು ಯಾರಾದರೂ ಇದ್ದಾರೆಯೇ ಎಂದು ಗುಡಿಯ ಗುರುವನ್ನು ಕೇಳಿದಳು. ಆತ ಸತ್ತವರ ಹೆಸರು ಬರೆದಿಡುವ ದಪ್ಪ ಪುಸ್ತಕವೊಂದನ್ನು ತಿರುವಿ ನೋಡಿ, ಅಡ್ಡರಸ್ತೆಯ ಕ್ಷೌರಿಕ ಕೋಸಾಕು ಅವಳ ತಮ್ಮ ಎಂದ.

ಅಂಗಡಿಯಲ್ಲಿ ಒಂದೇ ಕುರ್ಚಿ, ಒಂದೇ ಕನ್ನಡಿ. ಕೋಸಾಕುಗೆ ಅರವತ್ತೆಂಟು ವರ್ಷ, ಅಕ್ಕ ಸತ್ತಾಗ ಏಳು. ಇತ್ಸುಯೊ ತಾನು ಯಾರೆಂದು ಹೇಳಿ ಫೋಟೋ ಕೊಟ್ಟಳು. ಅವನು ಕೈ ತೊಳೆದು, ಒರೆಸಿಕೊಂಡು, ಆಮೇಲೆ ತೆಗೆದುಕೊಂಡ. ಬಹಳ ಹೊತ್ತು ನೋಡಿದ. ಕನ್ನಡಿಯ ಮುಂದೆ ನಿಂತು ಫೋಟೋವನ್ನು ತನ್ನ ಕೆನ್ನೆಯ ಪಕ್ಕ ಹಿಡಿದ.

"ಮೂಗು ನನ್ನದೇ. ನಮ್ಮ ಮನೇಲಿ ಅಕ್ಕನ ಒಂದು ಫೋಟೋನೂ ಇಲ್ಲ. ಮುಖ ಮರ್ತೇ ಹೋಗಿತ್ತು ನನಗೆ" ಎಂದ. ಇನ್ನೊಮ್ಮೆ ಫೋಟೋ ನೋಡಿ, "ನಗ್ತಿದಾಳಲ್ಲ" ಎಂದ.

ಹೌದು ಎಂದುಬಿಡಬಹುದಿತ್ತು. ಇಷ್ಟು ದೂರ ಬಂದ ದಾರಿಯಲ್ಲೆಲ್ಲ ಆ ಹೌದನ್ನು ಇತ್ಸುಯೊ ಬಾಯೊಳಗೆ ಹೊರಳಿಸಿ ನೋಡಿದ್ದಳು. ಆದರೆ ಬಾಗಿ ಒಪ್ಪಿಕೊಳ್ಳುವ ಆ ಹಳೆಯ ಅಭ್ಯಾಸದ ಮೇಲೆಯೇ ಅವಳಿಗೆ ಸಿಟ್ಟು ಬಂತು.

"ನಗ್ತಿಲ್ಲಪ್ಪ. ಜ್ವರ ಇತ್ತು, ಮೂರು ಸಲ ನೀರಿಗಿಳಿಸಿದ್ರು. ಹಲ್ಲು ಅದುರ್ತಿದಾವೆ."

ಕೋಸಾಕು ಕುರ್ಚಿಯಲ್ಲಿ ಕೂತ. ಗಿರಾಕಿಗಳು ಕೂರುವ ಕುರ್ಚಿ ಅದು.

"ಹಲ್ಲಿನ ಸದ್ದು ನನಗೆ ನೆನಪಿದೆ" ಎಂದ. "ಗಾಡೀಲಿ ಬಂದ್ಲಲ್ಲ, ಅವಳ ಪಕ್ಕದಲ್ಲೇ ನನ್ನ ಹಾಸಿಗೆ. ಕಟಕಟ ಕಟಕಟ ಅಂತಿತ್ತು. ಆಟ ಆಡ್ತಿದಾಳೆ ಅಂದ್ಕೊಂಡು ನಾನೂ ಹಂಗೇ ಮಾಡಿ ತೋರಿಸ್ದೆ. ಅಮ್ಮ ನನ್ನ ಕೆನ್ನೆಗೆ ಹೊಡೆದ್ಲು. ಯಾಕೆ ಹೊಡೆದ್ಲು ಅಂತ ತುಂಬ ದಿನ ಗೊತ್ತಾಗ್ಲಿಲ್ಲ."

ಅವನು ಫೋಟೋವನ್ನು ಮಡಿಲಲ್ಲಿಟ್ಟುಕೊಂಡ. ಆಮೇಲೆ ಅವನು ಕೇಳಿದ: "ಅವಳು ಹೆಂಗಿದ್ಲು? ಅಂದ್ರೆ, ಕಾಯಿಲೆ ಬರೋಕೆ ಮುಂಚೆ?"

ಇತ್ಸುಯೊ ಯೋಚಿಸಿದಳು. ಇಷ್ಟು ವರ್ಷ ಫುಸಾ ಎಂದರೆ ಅವಳಿಗೆ ಆ ಹನ್ನೆರಡು ದಿನ ಮಾತ್ರ. "ಬಾಯಿ ಬಹಳ ಕೆಟ್ಟದು" ಎಂದಳು ಕೊನೆಗೆ. "ಯಜಮಾನಿತಿ ನಡಿಗೆ, ಕೆಮ್ಮು, ಮೂಗು ಒರೆಸ್ಕೊಳ್ಳೋದು, ಎಲ್ಲಾ ಮಾಡಿ ತೋರಿಸೋಳು. ಅಟ್ಟದಲ್ಲಿ ನಾನು ದಿಂಬು ಕಚ್ಕೊಂಡು ನಗ್ತಿದ್ದೆ. ನನಗಿಂತ ಅವಳಿಗೇ ಸಿಟ್ಟು ಜಾಸ್ತಿ. ಅವಳು ಬದುಕಿ ನಾನು ಸತ್ತಿದ್ರೆ ಅವತ್ತೇ ಆ ಯಜಮಾನಿತಿ ಮುಖಕ್ಕೆ ಚೀಲ ಎಸೀತಿದ್ಲು. ನಾನು ಆಗಲಿ ಅಂದೆ."

"ನಿಮಗೂ ಹದಿನಾರೇ ಅಲ್ವಾ ಆಗ."

"ಹದಿನಾರಾದ್ರೇನು."

ಕೋಸಾಕು ಎದ್ದು ಫೋಟೋವನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ. "ಸೋಮವಾರ ನಂಗೆ ರಜ. ಇಬ್ಬರೂ ಹೋಗೋಣ" ಎಂದ.

ಸೋಮವಾರ ಹೋದರು. ಶುಸಾಕು ಕೋಸಾಕುವಿನ ಮೂಗು ನೋಡಿ, ಹೆಸರು ಕೇಳುವ ಮುಂಚೆಯೇ ಬಾಗಿದ. ಎರಡು ಗಂಟೆ ಮಾತಾಯಿತು. ಅಟ್ಟದಿಂದ ದೊಡ್ಡ ಫೋಟೋ ಇಳಿಸಿ ತರಿಸಿದರು. ಕೆಳಗೆ ಏನು ಬರೆಯಬೇಕು ಎನ್ನುವಲ್ಲಿ ಜಗಳ ಹತ್ತಿತು. ಹೆಸರು, ಊರು, ವಯಸ್ಸು, ಸತ್ತ ದಿನ, ಇಷ್ಟಕ್ಕೆ ಶುಸಾಕು ತಕ್ಷಣ ಒಪ್ಪಿದ. ಯಾತರಿಂದ ಸತ್ತಳು ಎಂಬುದು ಬೇಡ ಎಂದ.

"ಬೇಡ ಅಂದ್ರೆ ಹೆಂಗೆ?" ಎಂದ ಕೋಸಾಕು. ಧ್ವನಿ ಏರಲಿಲ್ಲ. "ಸುಮ್ಮನೆ ಹದಿನಾರಕ್ಕೆ ಸತ್ಲು ಅಂದ್ರೆ, ಪಾಪ ಅಂತ ಹೇಳಿ ಬಿಸ್ಕತ್ತು ತಗೊಂಡು ಹೋಗ್ತಾರೆ."

ಕೊನೆಗೆ ಒಂದು ವಾಕ್ಯ ಉಳಿಯಿತು: 'ಚಳಿಗಾಲದಲ್ಲಿ ಈ ಮನೆಯ ಚೀಲಗಳನ್ನು ತೊಳೆಯುವಾಗ ಕಾಯಿಲೆ ಬಿದ್ದು ತೀರಿಕೊಂಡಳು.' ಕೋಸಾಕು ತಲೆದೂಗಿದ. ಶುಸಾಕು ನಿಟ್ಟುಸಿರು ಬಿಟ್ಟ.

ಇತ್ಸುಯೊ ಮಾತ್ರ ಕನ್ನಡಕ ತೆಗೆದು, ಒರೆಸಿ, ಇನ್ನೊಮ್ಮೆ ಓದಿದಳು. "ಕಾಯಿಲೆ ಬಿದ್ದು ಅಂದ್ರೇನು? ಅವಳೇ ಎಡವಿ ಬಿದ್ಲೇನು? ಜ್ವರ ಇದ್ದೋಳನ್ನ ನೀರಿಗೆ ಇಳಿಸಿದ್ರು ಅಂತ ಬರೀರಿ" ಎಂದಳು.

"ಅಮ್ಮ, ಇಷ್ಟು ಸಾಕಲ್ವಾ?" ಎಂದ ಶುಸಾಕು.

ಅದೇ ಮೃದು ಧ್ವನಿ. ಇತ್ಸುಯೊ ಈ ಸಲ ಕಾಗದವನ್ನು ಅವನ ಕೈಗೆ ಕೊಡಲಿಲ್ಲ. ಎರಡೂ ಅಂಗೈಗಳಿಂದ ಅದನ್ನು ಮೇಜಿಗೆ ಒತ್ತಿ ಹಿಡಿದು ಕೂತಳು.

"ಸಾಲದು" ಎಂದಳು. "ಲೇಖನಿ ತನ್ನಿ."